ಪಂಚಮಿಗೆ ಎಲೆ, ಶಿವರಾತ್ರಿಗೆ ಕೊಂಬು

ನಾಗರಪಂಚಮಿಯ ಮುಂಚಿನ ದಿನ ಉಡುಪಿ, ಮಂಗಳೂರು ಪೇಟೆಯಲ್ಲಿ ಓಡಾಡಿದ್ದೀರಾ? ಹಿಂಗಾರ, ಎಳನೀರಿನ ಪಕ್ಕದಲ್ಲೇ ಉದ್ದುದ್ದ ಹಸಿರೆಲೆಯ ಕಟ್ಟುಗಳು ಕಾಣುತ್ತವೆ. ಹತ್ತಿರ ಹೋದರೆ ಘಮ್ಮೆನ್ನುತ್ತದೆ. ಅದೇ ಅರಿಸಿನದ ಎಲೆ. ಪೇಟೆಯವರು ದುಡ್ಡು ಕೊಟ್ಟು ಕೊಳ್ಳುವ ಈ ಎಲೆ, ಹಳ್ಳಿಮನೆಗಳಲ್ಲಿ ಬಚ್ಚಲ ಹಿಂದೆಯೋ ತೆಂಗಿನ ಮರದ ಆಚೆಯೋ ಪೊದೆಪೊದೆಯಾಗಿ ನಿಂತಿರುತ್ತದೆ.

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಸೋದರಿಯರಿಗೆ ಅರಿಸಿನವೆಂದರೆ ಹೊಲದ ಬೆಳೆ. ಕರಾವಳಿಯಲ್ಲಿ ಅದು ಹೆಚ್ಚಾಗಿ ಹಿತ್ತಿಲಿನ ಗಿಡ. ಸ್ವಲ್ಪ ನೆರಳಿದ್ದರೂ ಬೇಸರವಿಲ್ಲ. ಆದರೆ ಬುಡದಲ್ಲಿ ನೀರು ನಿಂತರೆ ಗಡ್ಡೆ ಕೊಳೆಯುತ್ತದೆ. ಅದಕ್ಕೇ ಏರು ಮಡಿ ಮಾಡುತ್ತಾರೆ.

ಮೇ ಕೊನೆಗೆ ಮೊದಲ ಮಳೆ ಬಿದ್ದು ಮಣ್ಣು ಹದವಾದಾಗ, ಮೊಳಕೆಗಣ್ಣಿರುವ ಗಡ್ಡೆಗಳನ್ನು ಒಂದೊಂದು ಅಡಿ ಅಂತರದಲ್ಲಿ, 2 ಅಂಗುಲ ಆಳಕ್ಕೆ ಊರಿ. ಕೊಳೆತ ಸಗಣಿಗೊಬ್ಬರ ಹಾಕಿ, ಮೇಲೆ ತರಗೆಲೆ ಮುಚ್ಚಿ. ಗಿಡ ಎದ್ದ ಮೇಲೆ ಒಂದೆರಡು ಸಲ ಕಳೆ ಕಿತ್ತು ಬುಡಕ್ಕೆ ಮಣ್ಣೇರಿಸಿದರೆ ಸಾಕು.

ಪಂಚಮಿ ಬಂತೆಂದು ಗಿಡವನ್ನು ಬೋಳು ಮಾಡಬೇಡಿ! ಗಡ್ಡೆ ತುಂಬುವುದು ಎಲೆಯಿಂದಲೇ. ಒಂದೊಂದು ಗಿಡದಿಂದ ಹೊರಗಿನ ಒಂದೋ ಎರಡೋ ಎಲೆ ಮಾತ್ರ ಕೊಯ್ಯಿರಿ. ನೆನೆಸಿದ ಬೆಳ್ತಿಗೆ ಅಕ್ಕಿಯನ್ನು ಉಪ್ಪು ಹಾಕಿ ಗಟ್ಟಿಯಾಗಿ ರುಬ್ಬಿ, ಎಲೆಯ ಮೇಲೆ ತೆಳ್ಳಗೆ ಸವರಿ. ನಡುವೆ ತೆಂಗಿನತುರಿ, ಬೆಲ್ಲ, ಏಲಕ್ಕಿಯ ಹೂರಣವಿಟ್ಟು ಎಲೆ ಮಡಚಿ ಅರ್ಧ ಗಂಟೆ ಹಬೆಯಲ್ಲಿ ಬೇಯಿಸಿ. ಎಲೆ ಬಿಡಿಸಿ, ತುಪ್ಪ ಹಾಕಿ ಬಡಿಸಿ. ಕೊಂಕಣಿ ಮನೆಗಳಲ್ಲಿ ಇದೇ ಪಾತೋಳಿ.

ಚಳಿ ಮುಗಿಯುವ ಹೊತ್ತಿಗೆ ಎಲೆ ಹಳದಿಯಾಗಿ ಒಣಗಿ ಬೀಳುತ್ತದೆ. ಗಿಡ ಸತ್ತಿತೆಂದು ಮರುಗಬೇಡಿ, ಗಡ್ಡೆ ಬಲಿತಿದೆ ಎಂದರ್ಥ. ಶಿವರಾತ್ರಿಯ ಸುಮಾರಿಗೆ, ಗಡ್ಡೆಗೆ ಪೆಟ್ಟಾಗದಂತೆ ಸುತ್ತಲಿಂದ ಅಗೆಯಿರಿ. ಬೆರಳುಗಳನ್ನು ಮುರಿದು ಬೇರೆ ಮಾಡಿ ತೊಳೆದು, ಮುಳುಗುವಷ್ಟು ನೀರಿನಲ್ಲಿ ಮುಕ್ಕಾಲು ಗಂಟೆ ಬೇಯಿಸಿ. ಕಡ್ಡಿ ಚುಚ್ಚಿದರೆ ಸಲೀಸಾಗಿ ಇಳಿಯಬೇಕು. ಬೇಯಿಸಿದರೆ ಬಣ್ಣ ಒಂದೇ ಸಮ ಬರುತ್ತದೆ, ಬೇಗ ಒಣಗುತ್ತದೆ. ಆಮೇಲೆ 10-15 ದಿನ ಬಿಸಿಲು. ಮುರಿದಾಗ ಟಕ್ಕೆಂದರೆ ಕೊಂಬು ಸಿದ್ಧ. 5 ಕಿಲೋ ಹಸಿ ಗಡ್ಡೆಗೆ ಸಿಗುವುದು ಸುಮಾರು 1 ಕಿಲೋ.

ಇಷ್ಟೆಲ್ಲ ಯಾಕೆ, ಅಂಗಡಿಯಲ್ಲಿ ಪೊಟ್ಟಣ ಸಿಗುತ್ತಲ್ಲ ಅಂತೀರಾ? ಸಿಗುತ್ತದೆ. ಆದರೆ ಅರಿಸಿನಕ್ಕೆ ಹೊಳಪು ಬರಲೆಂದು ಮೆಟಾನಿಲ್ ಯೆಲ್ಲೋ ಎಂಬ ಬಣ್ಣ, ಲೆಡ್ ಕ್ರೋಮೇಟ್ ಎಂಬ ಸೀಸದ ವಸ್ತು ಬೆರೆಸುವವರೂ ಇದ್ದಾರೆ. ಸೀಸ ಮಕ್ಕಳ ಮೆದುಳಿಗೆ ವಿಷ. ಕೂಸಿನ ಗಾಯಕ್ಕೆ, ರಾತ್ರಿಯ ಹಾಲಿಗೆ, ದಿನದ ಸಾರಿಗೆ ನಾವೇ ಕೈಯಾರೆ ಹಾಕುವ ಪದಾರ್ಥವಲ್ಲವೇ ಇದು? ಒಂದು ಲೋಟ ನೀರಿಗೆ ಒಂದು ಚಮಚ ಪುಡಿ ಹಾಕಿ ಅಲ್ಲಾಡಿಸದೆ ಬಿಡಿ. ಒಳ್ಳೆಯದು ತಳಕ್ಕಿಳಿದು ನೀರು ತಿಳಿ ಹಳದಿಯಾಗುತ್ತದೆ. ನೀರು ಕಡು ಹಳದಿಯಾದರೆ ಅನುಮಾನಿಸಿ.

ಪಟ್ಟಣದಲ್ಲಿದ್ದೀರಾ? ಒಂದಡಿ ಅಗಲ, ಒಂದಡಿ ಆಳದ ಕುಂಡ, ತಳದಲ್ಲಿ ತೂತು, ಬಾಲ್ಕನಿಯ ಬಿಸಿಲು ಇದ್ದರೆ ಗಿಡ ಬರುತ್ತದೆ. ವರ್ಷದ ಪುಡಿ ಆಗದಿದ್ದರೂ ಪಂಚಮಿಯ ನಾಲ್ಕು ಕಡುಬಿಗಂತೂ ಎಲೆಯಾಗುತ್ತದೆ. ಅಗೆದ ದಿನವೇ ನಾಲ್ಕು ದಪ್ಪ ಗಡ್ಡೆಗಳನ್ನು ಬೇಯಿಸದೆ ನೆರಳಲ್ಲಿ, ಒಣ ಮರಳಿನಲ್ಲಿ ಎತ್ತಿಡಿ. ಮುಂದಿನ ಮಳೆಗೆ ಎರಡು ನಿಮಗೆ, ಎರಡು ಪಕ್ಕದ ಮನೆಯವರಿಗೆ.