ಮಲೆನಾಡಿಗೆ ಮರಳುವ ಪಾತರಗಿತ್ತಿಗಳು

ಬೆಂಗಳೂರಿನಲ್ಲಿ ಅಧ್ಯಾಪಕನಾಗಿರುವ ನನಗೆ ಸಕಲೇಶಪುರದ ಕಡೆಯ ಹುಟ್ಟೂರಿಗೆ ವರ್ಷಕ್ಕೆ ಎರಡೇ ಪ್ರಯಾಣ: ಬೇಸಗೆಯ ರಜೆಯಲ್ಲೊಂದು, ದೀಪಾವಳಿಗೊಂದು. ಈ ಹಾದಿಯಲ್ಲಿ ನನಗಿಂತಲೂ ಹಳೆಯ ಪ್ರಯಾಣಿಕರಿದ್ದಾರೆಂಬುದನ್ನು ಕಳೆದ ದೀಪಾವಳಿಯವರೆಗೆ ನಾನು ಅರಿತಿರಲಿಲ್ಲ.

ಹಾಸನವನ್ನು ದಾಟಿದ ಮೇಲೆ ಬಸ್ಸು ಒಂದು ಚಹದಂಗಡಿಯ ಮುಂದೆ ನಿಂತಿತು. ಬೆಳಗಿನ ಹತ್ತು ಗಂಟೆಯ ಸಮಯ. ಮಳೆ ತೊಳೆದಿಟ್ಟ ನಿರ್ಮಲವಾದ ಆಕಾಶ. ಏಳು ವರ್ಷದ ಮಗಳು ನನ್ನ ತೋಳನ್ನು ಹಿಡಿದೆಳೆದು, “ಅಪ್ಪಾ, ಇವೆಲ್ಲ ಒಂದೇ ಕಡೆಗೆ ಹೋಗುತ್ತಿವೆಯಲ್ಲ!” ಎಂದಳು.

ಕತ್ತೆತ್ತಿ ನೋಡಿದೆ. ನೂರಾರು ಪಾತರಗಿತ್ತಿಗಳು! ಕೆಲವಕ್ಕೆ ಕಪ್ಪು ರೆಕ್ಕೆಯ ಮೇಲೆ ತಿಳಿನೀಲಿಯ ಗೆರೆಗಳು. ಕೆಲವಕ್ಕೆ ಕಂದುಬಣ್ಣದ ರೆಕ್ಕೆಯಂಚಿನಲ್ಲಿ ಬಿಳಿಯ ಚುಕ್ಕೆಗಳ ಸಾಲು. ಹೂವಿನಿಂದ ಹೂವಿಗೆ ಅಲೆಯುವ ಚಾಪಲ್ಯ ಅವುಗಳಲ್ಲಿರಲಿಲ್ಲ. ಅಂಗಡಿಯ ಗೋಡೆ ಅಡ್ಡ ಬಂದರೆ ಮೇಲೇರಿ ದಾಟಿ, ಮತ್ತೆ ಪಶ್ಚಿಮಕ್ಕೇ ಮುಖ ಮಾಡುತ್ತಿದ್ದವು. ಅಷ್ಟರಲ್ಲಿ ಲಾರಿಯೊಂದು ರಭಸದಿಂದ ಹಾದುಹೋಯಿತು. ನಾಲ್ಕಾರು ಜೀವಗಳು ಟಾರಿನ ಮೇಲೆ ಉದುರಿದವು. ಮಗಳು ಒಂದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು, “ಇದು ಎಲ್ಲಿಗೆ ಹೋಗಬೇಕಾಗಿತ್ತು?” ಎಂದು ಕೇಳಿದಳು. ಕನ್ನಡ ಎಂ.ಎ. ಆದ ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಉತ್ತರ ದೊರೆತದ್ದು ಊರಿನಲ್ಲಿ, ತಾಯಿಯಿಂದ. “ಇಷ್ಟು ದಿನ ನೋಡಿಲ್ಲವೇನೋ? ಬೇಸಗೆಯಲ್ಲಿ ನೀವು ಬರುವ ಹೊತ್ತಿಗೆ ಅವು ಹೊರಡುತ್ತವೆ. ನೆಂಟರು ಬಂದರೆಂದು ಮನೆ ಬಿಟ್ಟುಕೊಟ್ಟ ಹಾಗೆ. ಮಳೆಗಾಲ ಮುಗಿದ ಮೇಲೆ ಮರಳಿ ಬರುತ್ತವೆ” ಎಂದರು.

ಅನಂತರ ಪುಸ್ತಕಗಳನ್ನು ತಿರುವಿಹಾಕಿದೆ. ತಾಯಿಯ ಮಾತು ಅಕ್ಷರಶಃ ನಿಜ. ನೀಲಿ ಹುಲಿ, ಕಡುನೀಲಿ ಹುಲಿ, ಕಾಗೆ ಚಿಟ್ಟೆ ಮೊದಲಾದ ಹೆಸರಿನ ಇವು ಮುಂಗಾರಿಗೆ ಮುನ್ನ, ಏಪ್ರಿಲ್‌ನಿಂದ ಜೂನ್‌ವರೆಗೆ, ಪಶ್ಚಿಮ ಘಟ್ಟಗಳನ್ನು ಬಿಟ್ಟು ಪೂರ್ವದ ಬಯಲಿಗೂ ಪೂರ್ವ ಘಟ್ಟಗಳಿಗೂ ತೆರಳುತ್ತವೆ. ಆಗುಂಬೆಯಂತಹ ಕಡೆ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಒಂದು ಗ್ರಾಮೂ ತೂಗದ ದೇಹ ಆ ಧಾರೆಯನ್ನು ತಾಳುವುದೆಂತು? ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಮರಳುವ ಪಯಣ. ಹೀಗೆ ಮರಳುವವು ಹೋದವುಗಳ ಸಂತತಿಯೆಂದು ಬಲ್ಲವರ ಅಭಿಪ್ರಾಯ. ಎಂದೂ ಕಾಣದ ತವರಿಗೆ ದಾರಿ ತಪ್ಪದೆ ಹೋಗುವ ಈ ಜಾಣ್ಮೆಗೆ ಏನೆನ್ನೋಣ! ಕೃಷ್ಣಮೇಘ ಕುಂಟೆ ಎಂಬ ವಿಜ್ಞಾನಿ 2005ರಲ್ಲಿ ದಕ್ಷಿಣ ಭಾರತದ ಈ ವಲಸೆಯನ್ನು ಕುರಿತು ಪ್ರಬಂಧವನ್ನೇ ಪ್ರಕಟಿಸಿದ್ದಾರೆ.

ಹಬ್ಬದ ಮರುದಿನ ಹಿತ್ತಿಲಿನಲ್ಲಿ ಮತ್ತೊಂದು ನೋಟ. ಒಣಗಿದ ಗಿಲಿಗಿಚ್ಚಿ ಗಿಡಕ್ಕೆ ಹತ್ತಾರು ಪಾತರಗಿತ್ತಿಗಳು ಜೋತುಬಿದ್ದಿದ್ದವು. ಮಗುವಿನ ಗಿಲಕಿಯಂತೆ ಕಾಯಿ ಸದ್ದುಮಾಡುವ ಗಿಡವದು. ಅಲ್ಲಿ ಹೂವೊಂದೂ ಇರಲಿಲ್ಲ; ಅವು ಎಲೆಕಾಂಡಗಳನ್ನೇ ಕೆರೆದು ಹೀರುತ್ತಿದ್ದವು. ಹೀಗೆ ಬರುವವು ಹೆಚ್ಚಾಗಿ ಗಂಡುಗಳು. ಈ ಗಿಡದ ಕಹಿ ಕ್ಷಾರವಿಲ್ಲದೆ ಹೆಣ್ಣನ್ನು ಒಲಿಸುವ ಸುಗಂಧ ಅವುಗಳ ದೇಹದಲ್ಲಿ ಸಿದ್ಧವಾಗದು. ಶತ್ರುಗಳಿಗೆ ರುಚಿಸದಂತೆ ಕಾಪಾಡುವುದೂ ಅದೇ ಕಹಿ.

ಅದನ್ನು ನೋಡುತ್ತ ನಿಂತವನಿಗೆ ಒಮ್ಮೆಲೇ ಎದೆ ಧಸಕ್ಕೆಂದಿತು. ಬೆಂಗಳೂರಿನಲ್ಲಿ ನಮ್ಮ ಮನೆಯ ಪಕ್ಕದ ಖಾಲಿ ನಿವೇಶನದ ತುಂಬ ಇದೇ ಗಿಡ! ‘ಕಳೆ ಬೆಳೆದು ಹಾವುಗಳ ಭಯವಾಗಿದೆ, ತೆಗೆಸಿಕೊಡಿ’ ಎಂಬ ಬಿನ್ನವತ್ತಳೆಯನ್ನು ಹಬ್ಬಕ್ಕೆ ಹೊರಡುವ ಮುನ್ನ ನೆರೆಹೊರೆಯವರ ಪರವಾಗಿ ಬರೆದವನು ನಾನೇ. ಮೊದಲ ಸಹಿಯೂ ನನ್ನದೇ.

ಮರಳಿ ಬರುವ ಹೊತ್ತಿಗೆ ನಿವೇಶನ ಕ್ಷೌರ ಮಾಡಿದ ತಲೆಯಂತೆ ನುಣ್ಣಗಾಗಿತ್ತು. ನೆರೆಯವರು ನನ್ನನ್ನು ಅಭಿನಂದಿಸಿದರು. ನಾನು ತಲೆ ತಗ್ಗಿಸಿ ಒಳಗೆ ಬಂದೆ. ಲಾರಿಯ ಚಾಲಕನನ್ನು ದಾರಿಯುದ್ದಕ್ಕೂ ಶಪಿಸಿದ್ದೆ. ಅವನು ಕೆಡವಿದ್ದು ನಾಲ್ಕಾರನ್ನು. ನನ್ನ ಲೇಖನಿ ಕೆಡವಿದ್ದೆಷ್ಟೋ, ಲೆಕ್ಕವಿಟ್ಟವರಾರು?

ಮಗಳು ಮಾತ್ರ ಸುಮ್ಮನಿರಲಿಲ್ಲ. ಅಜ್ಜಿಯ ಹಿತ್ತಿಲಿನಿಂದ ತಂದ ಒಣಕಾಯಿಗಳನ್ನು ಗಿಲಗಿಲನೆ ಆಡಿಸಿ, ಬೀಜ ಬಿಡಿಸಿ, ಗೇಟಿನ ಬದಿಯ ಗೇಣಗಲದ ಮಣ್ಣಿನಲ್ಲಿ ಬಿತ್ತಿದಳು. ಈಗ ಅಲ್ಲಿ ಎಂಟು ಸಸಿಗಳಿವೆ. ಬರುವ ಬೇಸಗೆಯಲ್ಲಿ ನಾವು ಊರಿಗೆ ಹೊರಡುವ ಹೊತ್ತಿಗೆ ಅವು ಇತ್ತ ಬರುತ್ತವೆ. ಮನೆಗೆ ಬೀಗ ಹಾಕಿದ್ದರೂ ಗೇಟಿನ ಬಳಿ ಗಿಡವಿರುತ್ತದೆ.