ಗಗನನೌಕೆಯನ್ನು ತಡೆದ ಮರಕುಟಿಗ

ಅಮೆರಿಕದ ಫ್ಲಾರಿಡಾ ರಾಜ್ಯದ ಪೂರ್ವ ಕರಾವಳಿಯಲ್ಲಿ ಮೆರಿಟ್ ದ್ವೀಪವೆಂಬ ಚಪ್ಪಟೆ ನೆಲವಿದೆ. ಚಂದ್ರನ ಮೇಲೆ ಕಾಲಿಟ್ಟವರು ಹೊರಟದ್ದು ಇಲ್ಲಿಂದಲೇ. ಇಲ್ಲಿನ ಕೆನಡಿ ಬಾಹ್ಯಾಕಾಶ ಕೇಂದ್ರಕ್ಕೆ ಬರುವ ಪ್ರವಾಸಿಗರು ಅಟ್ಲಾಂಟಿಸ್ ಗಗನನೌಕೆಯನ್ನು ಇರಿಸಿರುವ ಭವನದ ಮುಂದೆ ಒಂದು ಕ್ಷಣ ನಿಂತೇ ನಿಲ್ಲುತ್ತಾರೆ. ಅಲ್ಲಿ ಬಾಗಿಲು ಕಾಯುವ ದ್ವಾರಪಾಲಕನಂತೆ ಭಾರೀ ಗಾತ್ರದ ಕಿತ್ತಳೆ ಬಣ್ಣದ ಟ್ಯಾಂಕೊಂದು ಎದ್ದು ನಿಂತಿದೆ. ಅದು ಮಾದರಿ ಮಾತ್ರ. ಅಸಲು ಟ್ಯಾಂಕೊಂದಕ್ಕೆ 1995ರಲ್ಲಿ ಬಂದ ಫಜೀತಿ ಮಾತ್ರ ಕೇಳುವಂತಹದು.

ರಾಕೆಟ್ಟುಗಳ ಊರು ಎಂದರೆ ಕಣ್ಣಿಗೆ ಕಬ್ಬಿಣ, ಕಾಂಕ್ರೀಟು ಬರುತ್ತದೆ. ಇಲ್ಲಿ ಹಾಗಲ್ಲ. ಕೇಂದ್ರದ ಸುತ್ತಲಿನ ನೆಲ 1963ರಿಂದಲೂ ವನ್ಯಜೀವಿ ಧಾಮ. ಸುಮಾರು 1,40,000 ಎಕರೆ ವಿಸ್ತಾರ, 300ಕ್ಕೂ ಹೆಚ್ಚು ಜಾತಿಯ ಹಕ್ಕಿಗಳು. ರಸ್ತೆಬದಿಯ ಕಾಲುವೆಯಲ್ಲಿ ಮೊಸಳೆಯ ಬಳಗದ ಅಲಿಗೇಟರುಗಳು ಬಿಸಿಲು ಕಾಯಿಸುತ್ತವೆ. ಸಿಡಿಯುವ ರಾಕೆಟ್ಟಿನಿಂದ ಜನರನ್ನು ದೂರ ಇಡಬೇಕಲ್ಲ, ಹಾಗಾಗಿ ಬಿಟ್ಟ ಬಯಲು ಪ್ರಾಣಿಪಕ್ಷಿಗಳ ಪಾಲಾಯಿತು. ನಮ್ಮ ಶ್ರೀಹರಿಕೋಟೆಯೂ ಹಕ್ಕಿಗಳಿಗೆ ಹೆಸರಾದ ಪುಲಿಕಾಟ್ ಸರೋವರದ ಮಗ್ಗುಲಲ್ಲೇ ಇದೆಯಷ್ಟೆ.

1995ರ ಮೇ ತಿಂಗಳ ಕೊನೆ. ಡಿಸ್ಕವರಿ ಗಗನನೌಕೆ 39-ಬಿ ಎಂಬ ಉಡಾವಣಾ ಕಟ್ಟೆಯ ಮೇಲೆ ಸಜ್ಜಾಗಿ ನಿಂತಿತ್ತು. ಜೂನ್ 8ಕ್ಕೆ ಮುಹೂರ್ತ. ಅಮೆರಿಕನ್ನರು ಮಡಿದ ಯೋಧರನ್ನು ನೆನೆಯುವ ದಿನ ಮೇ ಕೊನೆಯ ಸೋಮವಾರ ಬರುತ್ತದೆ. ಶನಿವಾರ, ಭಾನುವಾರ ಸೇರಿ ಮೂರು ದಿನ ರಜ. ಆ ರಜದಲ್ಲಿ ಕಟ್ಟೆಯ ಬಳಿ ಕೆಲಸಕ್ಕೆ ಬಂದದ್ದು ಮರಕುಟಿಗ! ರಜ ಮುಗಿಯುವ ಹೊತ್ತಿಗೆ ಟ್ಯಾಂಕಿನ ಮೈಮೇಲೆ ಸುಮಾರು 200 ತೂತುಗಳು. ಕೆಲವು ಬೆರಳು ತೂರುವಷ್ಟು ಸಣ್ಣವು, ಕೆಲವು ಹತ್ತು ಸೆಂಟಿಮೀಟರ್ ಅಗಲದವು.

ಕಿಡಿಗೇಡಿಯ ಹೆಸರು ನಾರ್ದರ್ನ್ ಫ್ಲಿಕರ್. ಕಂದು ಮೈ, ಎದೆಯ ಮೇಲೆ ಕಪ್ಪು ಅರ್ಧಚಂದ್ರ, ಹಾರುವಾಗ ರೆಕ್ಕೆಯಡಿ ಮಿಂಚುವ ಹಳದಿ. ಮರಕುಟಿಗವಾದರೂ ಇದಕ್ಕೆ ನೆಲದ ಮೇಲೆ ಇರುವೆ ಹೆಕ್ಕುವುದೆಂದರೆ ಬಲು ಇಷ್ಟ. ಮರ ಬೇಕಾಗುವುದು ಮುಖ್ಯವಾಗಿ ಗೂಡಿಗೆ, ಅದೂ ಒಣಗಿ ಮೆತ್ತಗಾದ ಮರ.

ಈಗ ಟ್ಯಾಂಕನ್ನು ಹಕ್ಕಿಯ ಕಣ್ಣಿನಿಂದ ನೋಡಬೇಕು. ಎತ್ತರ 47 ಮೀಟರ್, ಸುತ್ತಲೂ ಬಯಲು. ಒಳಗೆ ತುಂಬುವುದು ಮೈನಸ್ 253 ಡಿಗ್ರಿ ಸೆಲ್ಸಿಯಸ್‌ನ ದ್ರವ ಹೈಡ್ರೋಜನ್, ಮೈನಸ್ 183 ಡಿಗ್ರಿಯ ದ್ರವ ಆಕ್ಸಿಜನ್. ತಣ್ಣೀರಿನ ಲೋಟದ ಹೊರಮೈ ಬೆವರುವುದನ್ನು ಎಲ್ಲರೂ ಕಂಡಿದ್ದೇವೆ. ಇಷ್ಟು ತಣ್ಣಗಿನ ಲೋಹ ಹಾಗೆಯೇ ಇದ್ದರೆ ಗಾಳಿಯ ತೇವ ಅದರ ಮೇಲೆ ಬೆವರಾಗಿ ನಿಲ್ಲದೆ ಮಂಜುಗಡ್ಡೆಯಾಗಿ ಕಟ್ಟುತ್ತದೆ. ನೌಕೆ ಮೇಲೇಳುವಾಗ ಆ ಗಡ್ಡೆ ಕಳಚಿ ನೌಕೆಯ ಮೈಗೆ ಬಡಿದರೆ ಗತಿಯೇನು? ಅದಕ್ಕಾಗಿಯೇ ಟ್ಯಾಂಕಿಗೆ ಸುಮಾರು ಒಂದಂಗುಲ ದಪ್ಪದ ಫೋಮ್ ಹೊದಿಕೆ. ಎಂಜಿನಿಯರರಿಗೆ ಅದು ಕಂಬಳಿ, ಫ್ಲಿಕರಿಗೆ ಹದವಾಗಿ ಮೆತ್ತಗಾದ ಕಾಂಡ. ಪಾಪ, ಅಂಗುಲ ಕೊರೆಯುವಷ್ಟರಲ್ಲಿ ಕೊಕ್ಕಿಗೆ ಅಲ್ಯೂಮಿನಿಯಂ ತಗುಲುತ್ತದೆ. ಇನ್ನೊಂದು ಜಾಗ ನೋಡದೆ ಬೇರೆ ದಾರಿಯಿಲ್ಲ.

ಇದು ನಕ್ಕು ಬಿಡುವ ಸಂಗತಿಯಾಗಿರಲಿಲ್ಲ. ಎಂಟು ವರ್ಷಗಳ ನಂತರ, 2003ರಲ್ಲಿ, ಕೊಲಂಬಿಯಾ ನೌಕೆ ಏರುವಾಗ ಟ್ಯಾಂಕಿನಿಂದ ಕಿತ್ತು ಬಂದ ಫೋಮ್ ತುಂಡೊಂದು ಎಡರೆಕ್ಕೆಗೆ ಬಡಿದಿತ್ತು. ಹಿಂದಿರುಗುವಾಗ ಆ ಗಾಯದಿಂದಲೇ ನೌಕೆ ಛಿದ್ರವಾಗಿ ಕಲ್ಪನಾ ಚಾವ್ಲಾ ಸೇರಿ ಏಳು ಮಂದಿ ಪ್ರಾಣ ತೆತ್ತರು. ಅಲ್ಲಿ ಹಕ್ಕಿಯ ಪಾತ್ರವೇನೂ ಇರಲಿಲ್ಲ. ಆದರೆ ಈ ಹೊದಿಕೆ ಎಷ್ಟು ಮುಖ್ಯವೆಂಬುದು ಲೋಕಕ್ಕೆಲ್ಲ ತಿಳಿಯಿತು.

ಡಿಸ್ಕವರಿಯನ್ನು ಜೂನ್ 8ರಂದು, ಹಾರಬೇಕಾಗಿದ್ದ ದಿನವೇ, ಹಿಂದಕ್ಕೆ ಒಯ್ದರು. ಪ್ರವಾಸಿ ಬಸ್ಸಿನಿಂದ ಕಾಣುವ 160 ಮೀಟರ್ ಎತ್ತರದ ಜೋಡಣಾ ಕಟ್ಟಡದಿಂದ ಕಟ್ಟೆಯವರೆಗೆ ದಪ್ಪ ಬೆಣಚುಕಲ್ಲು ಹಾಸಿದ ದಾರಿಯಿದೆ. ಅದರ ಮೇಲೆ ನೌಕೆಯನ್ನು ಹೊತ್ತು ತೆವಳುವ ಯಂತ್ರದ ವೇಗ ಗಂಟೆಗೆ ಒಂದು ಮೈಲಿ ಮಾತ್ರ, ಮಕ್ಕಳ ನಡಿಗೆಗಿಂತ ನಿಧಾನ. ಕಟ್ಟಡದೊಳಗೆ ತೂತುಗಳನ್ನು ಮುಚ್ಚಿ, ಒಂದು ವಾರದ ಮೇಲೆ ನೌಕೆಯನ್ನು ಮತ್ತೆ ಅದೇ ದಾರಿಯಲ್ಲಿ ಕಟ್ಟೆಗೆ ತಂದರು. ಅಷ್ಟರಲ್ಲಿ ಸರದಿ ತಪ್ಪಿತ್ತು. ರಷ್ಯದ ಮಿರ್ ನಿಲ್ದಾಣಕ್ಕೆ ಹೋಗಬೇಕಿದ್ದ ಅಟ್ಲಾಂಟಿಸ್ ಮೊದಲು ಹಾರಿತು.

ಮುಚ್ಚಿದ್ದಾಯಿತು, ಹಕ್ಕಿ ಮತ್ತೆ ಬಂದರೆ? ಗುಂಡು ಹೊಡೆಯುವಂತಿಲ್ಲ, 1918ರ ಕಾಯಿದೆ ಫ್ಲಿಕರನ್ನು ರಕ್ಷಿಸುತ್ತದೆ. ಪ್ಲಾಸ್ಟಿಕ್ ಗೂಬೆಗಳನ್ನು ಕೂರಿಸಿದರು, ದೊಡ್ಡ ಕಣ್ಣು ಬರೆದ ಬಲೂನು ಕಟ್ಟಿದರು, ಹಾರ್ನ್ ಊದಿದರು. ಹೊಲದ ಬೆರ್ಚಪ್ಪನಿಗೂ ಇದಕ್ಕೂ ಏನು ವ್ಯತ್ಯಾಸ? ಆದರೆ ಹಕ್ಕಿಗಳ ಸಮಸ್ಯೆಗೆಂದೇ ನೇಮಿಸಿದ ತಂಡ ಮಾಡಿದ ಇನ್ನೊಂದು ಕೆಲಸವೇ ಹೆಚ್ಚು ಜಾಣತನದ್ದು. ಸುತ್ತಲಿದ್ದ ಸತ್ತ ಮರಗಳನ್ನೂ ಹಳೆಯ ಟೆಲಿಫೋನ್ ಕಂಬಗಳನ್ನೂ ತೆಗೆಸಿದರು. ಒಪ್ಪವಾಗಿ ಕತ್ತರಿಸುತ್ತಿದ್ದ ಹುಲ್ಲನ್ನು ಉದ್ದ ಬೆಳೆಯಲು ಬಿಟ್ಟರು. ಹುಲ್ಲು ಬೆಳೆದರೆ ಇರುವೆ ಕಾಣದು, ಇರುವೆ ಸಿಗದಿದ್ದರೆ ಫ್ಲಿಕರ್ ಅಲ್ಲೇಕೆ ಸುಳಿಯಬೇಕು?

ಹಲಗೆ ಹೊದಿಸಿದ ಮನೆಗಳು ಸಾಮಾನ್ಯವಾಗಿರುವ ಆ ದೇಶದಲ್ಲಿ ಮನೆಯೊಡೆಯರಿಗೂ ಮರಕುಟಿಗ ಹೊಸ ತಲೆನೋವಲ್ಲ. ಗೂಬೆ ಬೊಂಬೆ ಅಂಗಡಿಯಲ್ಲಿ ಸಿಗುತ್ತದೆ, ತಂದು ಮಾಡಿನ ಮೇಲೆ ಕೂರಿಸುತ್ತಾರೆ. ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿರುವ ಕಾರ್ನೆಲ್ ಪಕ್ಷಿ ಪ್ರಯೋಗಾಲಯದವರು ಗೂಬೆ, ಪ್ಲಾಸ್ಟಿಕ್ ಕಣ್ಣು, ಹೆದರಿಕೆಯ ಕೂಗು, ಗೂಡುಪೆಟ್ಟಿಗೆ, ಬೇರೆಡೆ ಇಟ್ಟ ಆಹಾರ, ಹೊಳೆಯುವ ಪಟ್ಟಿ ಎಲ್ಲವನ್ನೂ ಮನೆಗಳಲ್ಲಿ ಪರೀಕ್ಷಿಸಿ 2007ರಲ್ಲಿ ಫಲಿತಾಂಶ ಪ್ರಕಟಿಸಿದರು. ಸ್ವಲ್ಪವಾದರೂ ನೆಚ್ಚಬಹುದಾದದ್ದು ಗಾಳಿಗೆ ಅಲುಗುವ ಹೊಳೆಯುವ ಪಟ್ಟಿಯೊಂದೇ! ಅದೂ ಎಲ್ಲ ಮನೆಗಳಲ್ಲಿ ಗೆಲ್ಲಲಿಲ್ಲ. ಅಲುಗದ ಗೂಬೆಯನ್ನು ಹಕ್ಕಿ ಎಷ್ಟು ದಿನ ನಂಬೀತು?

ಹಾಗಾಗಿ ಮೊದಲು ತೂತನ್ನು ನೋಡಬೇಕು. ಸಾಲಾಗಿ ಸಣ್ಣ ತೂತುಗಳಿದ್ದರೆ ಹಲಗೆಯೊಳಗೆ ಹುಳುವಿದೆ, ಹುಳು ತೆಗೆಸದೆ ಹಕ್ಕಿಯನ್ನು ಬೈದು ಫಲವಿಲ್ಲ. ದುಂಡಗಿನ ದೊಡ್ಡ ತೂತಾದರೆ ಗೂಡಿನ ಸಿದ್ಧತೆ. ಮೊಟ್ಟೆಯಿಡುವ ಮೊದಲೇ ಮುಚ್ಚಿ, ಸೂರಿನಿಂದ ಬಲೆ ಇಳಿಬಿಡಬೇಕು. ವಸಂತದ ಬೆಳಗಿನ ಜಾವ ತಗಡಿನ ದೋಣಿಯ ಮೇಲೆ ಡರ್ರೆಂದು ಬಡಿಯುತ್ತಿದ್ದರೆ ಅದು ಸಂಗಾತಿಗೆ ಕರೆ, ಎಲ್ಲೆ ಸಾರುವ ಡಂಗುರ. ಋತು ಕಳೆದರೆ ತಾನೇ ನಿಲ್ಲುವುದುಂಟು. (ಇಷ್ಟು ಬಡಿದರೂ ಅದಕ್ಕೆ ತಲೆನೋವು ಬಾರದೇ ಎಂದು ಮಕ್ಕಳು ಕೇಳುತ್ತಾರೆ. ತಲೆಬುರುಡೆ ಸ್ಪಂಜಿನಂತೆ ಪೆಟ್ಟು ಹೀರುತ್ತದೆಂಬ ಹಳೆಯ ಉತ್ತರವನ್ನು 2022ರ ಅಧ್ಯಯನವೊಂದು ಅಲ್ಲಗಳೆದಿದೆ. ಬುರುಡೆ ಗಟ್ಟಿ ಸುತ್ತಿಗೆಯಂತೆ, ಮಿದುಳು ತೀರ ಚಿಕ್ಕದಾದ್ದರಿಂದ ಪೆಟ್ಟು ತಾಳುತ್ತದೆ.)

ಕಾಯುವುದು ಮುಗಿದು, 1995ರ ಜುಲೈ 13ರ ಬೆಳಗ್ಗೆ ಡಿಸ್ಕವರಿ ಮೇಲೆದ್ದಿತು. ವುಡಿ ವುಡ್‌ಪೆಕರ್ ಎಂಬ ಕಾರ್ಟೂನು ಮರಕುಟಿಗ ಆ ಯಾನದ ವಿನೋದದ ಲಾಂಛನವಾಗಿತ್ತು. ಒಂಬತ್ತು ದಿನಗಳ ಮೇಲೆ ಐವರೂ ಕ್ಷೇಮವಾಗಿ ಮರಳಿದರು. ಡಿಸ್ಕವರಿ ಈಗ ವಾಷಿಂಗ್ಟನ್ ಬಳಿಯ ವಸ್ತುಸಂಗ್ರಹಾಲಯದಲ್ಲಿದೆ. ತೇಪೆ ಹಾಕಿದ ಟ್ಯಾಂಕನ್ನು ಮಾತ್ರ ನೋಡಲಾಗದು. ಹೊರಟ ಒಂಬತ್ತು ನಿಮಿಷಗಳೊಳಗೆ ಅದು ಬರಿದಾಗಿ ಕಳಚಿಕೊಂಡು, ವಾತಾವರಣದಲ್ಲಿ ಉರಿದು ಚೂರಾಯಿತು. ಪ್ರವಾಸಿಗರು ಫೋಟೊ ತೆಗೆಸಿಕೊಳ್ಳುವ ಮಾದರಿಯ ಮೈಮೇಲೆ ಆ ಇನ್ನೂರು ತೂತುಗಳಿಲ್ಲ.