ಎರಡು ಕೌದಿಗಳ ಲೆಕ್ಕ

ಕಳೆದ ವರ್ಷದ ಶ್ರಾವಣ ಮಾಸ. ಸಂಜೆಯ ಪೂಜೆ ಮುಗಿಸಿ ವಿಜಯಪುರದ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತಿದ್ದೆವು. ತಿಕೋಟಾದಲ್ಲಿ ದ್ರಾಕ್ಷಿ ಬೆಳೆಯುವ ನಮ್ಮ ಹಳೆಯ ಶಿಷ್ಯರೊಬ್ಬರ ಮಗನು ಮೂವರು ಸಹಪಾಠಿಗಳೊಡನೆ ಬಂದು ನಮಸ್ಕರಿಸಿದನು. ಎಲ್ಲರೂ ನಗರದ ತಾಂತ್ರಿಕ ಮಹಾವಿದ್ಯಾಲಯವೊಂದರಲ್ಲಿ ಓದುತ್ತಿರುವ ಮಕ್ಕಳು. ಅವರಲ್ಲೊಬ್ಬಳು ಬಬಲೇಶ್ವರದ ಕಡೆಯ ಒಕ್ಕಲು ಮನೆತನದ ಹುಡುಗಿ. “ಅಜ್ಜಾರ, ನಾವೊಂದು ಆ್ಯಪ್ ಮಾಡಾಕತ್ತೀವ್ರಿ. ನೀವು ನೋಡಿ ಎರಡು ಮಾತು ಹೇಳಬೇಕ್ರಿ” ಎಂದನು ಹುಡುಗ. ಮೊಬೈಲಿನ ಅಕ್ಷರವನ್ನು ದೊಡ್ಡದು ಮಾಡಿಕೊಂಡು ಓದುವುದಷ್ಟನ್ನೇ ಬಲ್ಲ ನಮ್ಮಿಂದ ಅದಕ್ಕೇನು ಉಪಕಾರವಾದೀತೆಂದು ನಕ್ಕೆವು. ಆದರೆ ಅಂದು ಆರಂಭವಾದ ಮಾತು ನಮ್ಮನ್ನು ಐವತ್ತು ವರ್ಷಗಳಿಗೂ ಹಿಂದಕ್ಕೆ ಕರೆದೊಯ್ದು, ಈವರೆಗೆ ಯಾರೊಡನೆಯೂ ಆಡದ ಸಂಗತಿಯೊಂದನ್ನು ಆಡಿಸಿತು. ಅದನ್ನೇ ಇಲ್ಲಿ ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಮಕ್ಕಳ ಯೋಜನೆ ಸರಳವಾದುದು. ಪ್ರತಿವರ್ಷ ಪರೀಕ್ಷೆ ಮುಗಿದು ವಸತಿ ನಿಲಯಗಳು ಖಾಲಿಯಾಗುವಾಗ ಗಾದಿ, ಬಕೆಟ್ಟು, ಮೇಜಿನ ದೀಪ, ಕ್ಯಾಲ್ಕ್ಯುಲೇಟರ್, ಪ್ರಯೋಗಶಾಲೆಯ ಏಪ್ರನ್, ಸೈಕಲ್ಲು, ದಪ್ಪ ದಪ್ಪ ಪಠ್ಯಪುಸ್ತಕಗಳು ಬೇಡವಾಗುತ್ತವೆ. ಪುಸ್ತಕಗಳು ರದ್ದಿಯ ಅಂಗಡಿಯಲ್ಲಿ ತೂಕಕ್ಕೆ ಹೋಗುತ್ತವೆ. ಗಾದಿಗಳು ಹಿತ್ತಲಿನಲ್ಲಿ ಮಳೆಗೆ ನೆನೆಯುತ್ತವೆ. ಕೆಲವೇ ವಾರಗಳ ಬಳಿಕ ಹೊಸದಾಗಿ ಬಂದ ಮಕ್ಕಳ ತಂದೆತಾಯಿಗಳು ಅದೇ ವಸ್ತುಗಳನ್ನು ಪೇಟೆಯಲ್ಲಿ ಹಣ ಕೊಟ್ಟು ಕೊಳ್ಳುತ್ತಾರೆ. ವೈದ್ಯಕೀಯ ಓದುವ ಮಕ್ಕಳಲ್ಲಿ ಮಾತ್ರ ಒಂದು ಹಳೆಯ ರೂಢಿಯುಂಟು. ಮೊದಲ ವರ್ಷದ ಅಂಗರಚನಾಶಾಸ್ತ್ರದ ಅಭ್ಯಾಸಕ್ಕೆ ಬೇಕಾದ ಅಸ್ಥಿಗಳ ಪೆಟ್ಟಿಗೆಯನ್ನು ಹಿರಿಯರಿಂದ ಪಡೆದು, ಓದು ಮುಗಿದೊಡನೆ ಕಿರಿಯರಿಗೆ ದಾಟಿಸುತ್ತಾರೆ. ಹೀಗೆ ಎಲುಬುಗಳೇ ಕೈಯಿಂದ ಕೈಗೆ ದಾಟಬಹುದಾದರೆ ಬಕೆಟ್ಟು ಏಕೆ ದಾಟಬಾರದು ಎಂಬುದು ಈ ಮಕ್ಕಳ ಪ್ರಶ್ನೆ.

ಆ್ಯಪಿನ ಒಳಗಣ ಕ್ರಮವನ್ನೂ ನಮಗೆ ತಿಳಿಯುವಂತೆ ವಿವರಿಸಿದರು. ಮಹಾವಿದ್ಯಾಲಯವು ಕೊಟ್ಟ ಇ-ಮೇಲ್ ವಿಳಾಸವುಳ್ಳವರಿಗೆ ಮಾತ್ರ ಪ್ರವೇಶ, ಹೊರಗಿನವರು ನುಸುಳಲಾರರು. ಕೊಡುವವರು ವಸ್ತುವಿನ ಭಾವಚಿತ್ರ ತೆಗೆದು ‘ಕೊಡುವೆ’ ಎಂಬ ಅಂಕಣದಲ್ಲಿ ಇಡಬೇಕು. ಬೇಕಾದವರು ‘ಬೇಕಾಗಿದೆ’ ಎಂದು ಬರೆಯಬೇಕು. ವಸ್ತುವಿಗೆ ವಸ್ತು ಬದಲಿಸಿಕೊಳ್ಳುವವರಿಗೆ ಮೂರನೆಯದೊಂದು ಅಂಕಣ. ಇವೆಲ್ಲವನ್ನೂ ಡೇಟಾಬೇಸ್ ಎಂಬ ಲೆಕ್ಕದ ಪುಸ್ತಕವು ನೆನಪಿನಲ್ಲಿಟ್ಟುಕೊಳ್ಳುತ್ತದೆ. ಒಂದೇ ಸೈಕಲ್ಲಿಗೆ ಇಬ್ಬರು ಒಂದೇ ಗಳಿಗೆಯಲ್ಲಿ ಒತ್ತಿದರೆ ಇಬ್ಬರಿಗೂ ‘ನಿಮ್ಮದಾಯಿತು’ ಎಂದು ಹೇಳಿಬಿಡುವ ಅಪಾಯವಿದೆಯಂತೆ. ಒಬ್ಬರ ಹೆಸರು ಬರೆದು ಮುಗಿಯುವವರೆಗೆ ಆ ಸಾಲಿಗೆ ಬೀಗ ಹಾಕುವ ವ್ಯವಸ್ಥೆ ಮಾಡಬೇಕಾಯಿತಂತೆ. ಮಠದ ಖತಾವಣಿ ಬರೆಯುತ್ತಿದ್ದ ಕಾರಕೂನರು ಒಂದು ಬಾಬು ಬರೆದು ಮುಗಿಸುವವರೆಗೆ ಮತ್ತೊಬ್ಬರ ಮಾತಿಗೆ ಕಿವಿಗೊಡುತ್ತಿರಲಿಲ್ಲವಷ್ಟೆ! ಯಾರ ದೂರವಾಣಿ ಸಂಖ್ಯೆಯೂ ಯಾರಿಗೂ ಕಾಣಬಾರದೆಂಬ ಕಟ್ಟಳೆ ಬಬಲೇಶ್ವರದ ಹುಡುಗಿಯದು. “ಬಕೀಟ್ ಕೊಟ್ಟ ನೆವದಾಗ ರಾತ್ರಿ ಹತ್ತಕ್ಕ ಫೋನ್ ಮಾಡೋರು ಇರ್ತಾರ್ರಿ, ಅಜ್ಜಾರ” ಎಂದಳು. ಜಾಣ ಹುಡುಗಿ.

ಇಲ್ಲಿಯವರೆಗೆ ನಮ್ಮ ಮನಸ್ಸು ಪ್ರಸನ್ನವಾಗಿತ್ತು. ಆಮೇಲೆ ಹುಡುಗನು ಮೊದಲ ಪುಟವನ್ನು ತೋರಿಸಿದನು. ಅಲ್ಲಿ ‘ಈ ತಿಂಗಳ ದಾನಿಗಳು’ ಎಂಬ ತಲೆಬರಹ, ಅದರ ಕೆಳಗೆ ಹತ್ತು ಹೆಸರು, ಹೆಸರಿನ ಮುಂದೆ ನಕ್ಷತ್ರಗಳು. ಪ್ರತಿಯೊಂದು ವಸ್ತುವಿನ ಬಳಿ ಕೊಟ್ಟವರ ಹೆಸರಿನೊಡನೆ ಪಡೆದವರ ಹೆಸರೂ ಇತ್ತು. ವ್ಯವಹಾರ ಪಾರದರ್ಶಕವಾಗಿರಲೆಂದು ಹಾಗೆ ಮಾಡಿದ್ದರು. ಉದ್ದೇಶ ಒಳ್ಳೆಯದೇ. ಆದರೂ ಅದನ್ನು ಕಂಡು ನಮ್ಮ ಎದೆ ಝಲ್ಲೆಂದಿತು. ಅದರ ಕಾರಣವನ್ನು ಆ ಮಕ್ಕಳಿಗೆ ಹೇಳಲೇಬೇಕಾಯಿತು.

1972ರ ಬರಗಾಲವನ್ನು ಕಂಡವರು ಈ ಸೀಮೆಯಲ್ಲಿ ಇನ್ನೂ ಇದ್ದಾರೆ. ಬಬಲೇಶ್ವರದ ಹತ್ತಿರದ ನಮ್ಮ ಹಳ್ಳಿಯಲ್ಲಿ ಬಾವಿ ಬತ್ತಿತು. ಎತ್ತುಗಳಿಗೆ ಮೇವಿಲ್ಲದೆ ತಂದೆಯವರು ಅವನ್ನು ಮಾರಿದರು. ಹದಿಮೂರು ವರ್ಷದ ನಮ್ಮನ್ನು, ಆಗಿನ್ನೂ ಬಿಜಾಪುರವೆಂದು ಕರೆಯಿಸಿಕೊಳ್ಳುತ್ತಿದ್ದ ಈ ಊರಿನ ಮಠವೊಂದರ ಪ್ರಸಾದ ನಿಲಯದಲ್ಲಿ ಬಿಟ್ಟು ಹೋದರು. ಅನ್ನ, ಅಕ್ಷರ ಎರಡನ್ನೂ ಅಲ್ಲಿ ಪಡೆದೆವು. ಅದೇ ವರ್ಷ ಊರಿನ ಗಣ್ಯರು ಸೇರಿ ಬಡ ವಿದ್ಯಾರ್ಥಿಗಳಿಗೆ ಬಟ್ಟೆ ಕೊಡುವ ಸಮಾರಂಭವನ್ನು ಏರ್ಪಡಿಸಿದರು. ಹೆಸರು ಕೂಗಿ ಒಬ್ಬೊಬ್ಬರನ್ನೇ ವೇದಿಕೆಗೆ ಕರೆದರು. ನಮ್ಮ ಪಾಲಿಗೆ ನೀಲಿಗೆರೆಯ ಅಂಗಿಯೊಂದು ಬಂದಿತು. ಸೋಮವಾರ ಅದನ್ನು ತೊಟ್ಟು ಶಾಲೆಗೆ ಹೋದಾಗ ಹಿಂದಿನ ಬೆಂಚಿನ ಹುಡುಗನೊಬ್ಬನು, “ಏ, ಅದು ನನ್ನ ಅಂಗಿ!” ಎಂದು ನಕ್ಕನು. ಅವನಲ್ಲಿ ಕೆಡುಕಿರಲಿಲ್ಲ, ಕಂಡದ್ದನ್ನು ಹೇಳಿದ್ದನಷ್ಟೆ. ನಾವು ಮಾತ್ರ ಆ ಅಂಗಿಯನ್ನು ಮತ್ತೆ ಮೈಮೇಲೆ ಹಾಕಲಿಲ್ಲ. ವರ್ಷವಿಡೀ ಹರಕು ಅಂಗಿಯಲ್ಲಿಯೇ ಕಳೆದೆವು.

ನಮ್ಮ ಗುರುಗಳಿಗೆ ಇದು ತಿಳಿಯಿತು. ಅವರು ಏನನ್ನೂ ಕೇಳಲಿಲ್ಲ. ಪಾಠಶಾಲೆಯ ಮೊಗಸಾಲೆಯ ತುದಿಯಲ್ಲಿ, ಬೆಳಕು ಕಡಿಮೆಯಿದ್ದ ಮೂಲೆಯಲ್ಲಿ, ಕಟ್ಟಿಗೆಯ ದೊಡ್ಡ ಸಂದೂಕವೊಂದನ್ನು ಇಡಿಸಿದರು. “ಬೇಡವಾದದ್ದನ್ನು ಇದರಲ್ಲಿ ಇಡಿರಿ, ಬೇಕಾದದ್ದನ್ನು ಇದರಿಂದ ಒಯ್ಯಿರಿ. ಯಾರೂ ಯಾರನ್ನೂ ಕೇಳಕೂಡದು” ಎಂದಷ್ಟೇ ಹೇಳಿದರು. ಓದು ಮುಗಿಸಿ ಹೋಗುವವರು ಅಂಗಿ, ಧೋತರ, ಪಾಟಿ, ಪುಸ್ತಕ, ಕೌದಿಗಳನ್ನು ಅದರಲ್ಲಿ ಇಟ್ಟು ಹೋಗುತ್ತಿದ್ದರು. ಕತ್ತಲಲ್ಲಿ ಯಾರು ಏನು ಒಯ್ದರೆಂಬುದು ಯಾರಿಗೂ ತಿಳಿಯುತ್ತಿರಲಿಲ್ಲ.

ಇದನ್ನು ಹೇಳಿ, “ನಿಮ್ಮ ಆ್ಯಪು ಆ ಸಂದೂಕದಂತೆ ಇರಬೇಕು” ಎಂದು ಉಪದೇಶ ಮಾಡಿ ಮುಗಿಸಿದೆವು. ಮಕ್ಕಳು ತಲೆದೂಗಿದರು. ಆ ಹುಡುಗಿ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಜ್ಜಾರ, ಆ ಸಂದೂಕದಾಗಿಂದು ಬೇಕಾದವರಿಗೆಲ್ಲಾ ಸಿಗತಿತ್ತೇನ್ರಿ?” ಎಂದು ಕೇಳಿದಳು.

ಸಿಗುತ್ತಿರಲಿಲ್ಲ. ಸಿಗದಂತೆ ಮಾಡಿದವರಲ್ಲಿ ನಾವೂ ಒಬ್ಬರು.

ಆ ವರ್ಷದ ಪುಷ್ಯಮಾಸದ ಚಳಿ ಕಠಿಣವಾಗಿತ್ತು. ಒಂದು ರಾತ್ರಿ ಸಂದೂಕದಿಂದ ಕೌದಿಯೊಂದನ್ನು ತಂದುಕೊಂಡೆವು. ಮರುದಿನ ರಾತ್ರಿ ತಲೆದಿಂಬಿಗೆ ಇರಲೆಂದು ಇನ್ನೊಂದನ್ನು ತಂದೆವು. ನೋಡುವವರು ಯಾರೂ ಇರಲಿಲ್ಲ. ನಮಗಿಂತ ಎರಡು ವರ್ಷ ಚಿಕ್ಕವನಾದ ಹುಡುಗನೊಬ್ಬನು ಗೋಣಿತಟ್ಟಿನ ಮೇಲೆ ಮುದುಡಿ ಮಲಗುತ್ತಿದ್ದುದನ್ನು ಕಂಡೂ ಕಾಣದಂತಿದ್ದೆವು. ಕೆಲ ದಿನಗಳಲ್ಲಿ ಅವನಿಗೆ ಜ್ವರ ಬಂದಿತು. ಗುರುಗಳು ನಮ್ಮ ಹಾಸಿಗೆಯ ಬಳಿ ನಿಂತು ನೋಡಿದರು, ಮಾತನಾಡಲಿಲ್ಲ. ಅಂದು ಸಂಜೆ ಪಾಠದಲ್ಲಿ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಕಥೆಯನ್ನು ಹೇಳಿದರು. ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಹೆಚ್ಚಿನ ಅಕ್ಕಿಯನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಹಿಂದಕ್ಕೆ ಕಳುಹಿದ ಕಥೆ. ಆ ರಾತ್ರಿ ಎರಡನೆಯ ಕೌದಿಯನ್ನು ಒಯ್ದು ಆ ಹುಡುಗನಿಗೆ ಹೊದಿಸಿದೆವು. ಎರಡು ದಿನಗಳಲ್ಲಿ ಅವನ ತಂದೆ ಬಂದು ಊರಿಗೆ ಕರೆದೊಯ್ದರು. ಅವನು ಮತ್ತೆ ಪಾಠಶಾಲೆಗೆ ಬರಲಿಲ್ಲ. ಅವನ ಓದು ನಿಂತುದಕ್ಕೆ ಆ ಕೌದಿಯೇ ಕಾರಣವೆಂದು ಹೇಳಲಾಗದು. ಅಲ್ಲವೆಂದು ನಮ್ಮ ಮನಸ್ಸು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಒಪ್ಪಿಲ್ಲ.

ಮಕ್ಕಳ ಮುಂದೆ ಇದನ್ನು ಒಪ್ಪಿಕೊಂಡ ಮೇಲೆ ನಮ್ಮ ಉಪದೇಶವನ್ನು ನಾವೇ ತಿದ್ದಿಕೊಳ್ಳಬೇಕಾಯಿತು. ಹೆಸರು ಕೂಗಿದ ವೇದಿಕೆಯಲ್ಲಿ ಪಡೆಯುವವನ ತಲೆ ತಗ್ಗಿತು. ಲೆಕ್ಕವೇ ಇಲ್ಲದ ಸಂದೂಕದಲ್ಲಿ ದುರ್ಬಲನ ಪಾಲು ತಪ್ಪಿತು. ಲಕ್ಕಮ್ಮನವರ ಮನೆಯಲ್ಲಿ ಈ ಎರಡು ದೋಷಗಳೂ ಇರಲಿಲ್ಲ. ತಮ್ಮ ದಾಸೋಹಕ್ಕೆ ಎಷ್ಟು ಅಕ್ಕಿ ಬೇಕೆಂಬ ಅಳತೆ ಆ ತಾಯಿಗೆ ತಿಳಿದಿತ್ತು. ಅಂತೆಯೇ ಹೆಚ್ಚಾದದ್ದು ಕಣ್ಣಿಗೆ ಬಿದ್ದಿತು. ಆ ಲೆಕ್ಕವು ಮನೆಯೊಳಗೆ ಉಳಿಯಿತು. ಬೀದಿಯಲ್ಲಿ ಯಾರೂ ಮಾರಯ್ಯನವರ ಅಕ್ಕಿಯನ್ನು ತೂಗಲಿಲ್ಲ. ಲೆಕ್ಕವಿರಬೇಕು, ಅದಕ್ಕೆ ಬಾಗಿಲೂ ಇರಬೇಕು.

ನಮ್ಮ ಹಿರಿಯರು ಇದನ್ನು ಬಲ್ಲವರಾಗಿದ್ದರು. ಮಠದ ಭಾಂಡೆಗಳನ್ನು ನೆನೆಯಿರಿ. ಮದುವೆ, ಜಾತ್ರೆಗಳಿಗೆಂದು ಮಠದಲ್ಲಿ ಇರಿಸಿದ ದೊಡ್ಡ ಹಂಡೆ, ಕೊಪ್ಪರಿಗೆಗಳನ್ನು ಗೌಡರೂ ಒಯ್ಯುತ್ತಿದ್ದರು, ಕೂಲಿಯವರೂ ಒಯ್ಯುತ್ತಿದ್ದರು. ಎಲ್ಲರೂ ಒಯ್ಯುವ ವಸ್ತುವಿಗೆ ಬಡತನದ ಹೆಸರು ಅಂಟುವುದಿಲ್ಲ. ಎಣಿಸಿ ಒಯ್ದು, ಬೆಳಗಿ, ಎಣಿಸಿ ಮರಳಿಸುವುದು ರೂಢಿ. 1905ರಲ್ಲಿ ಗದುಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರಿ ಸಂಘವನ್ನು ಕಟ್ಟಿದಾಗ, ಸಾಲ ಪಡೆಯುವ ರೈತನು ಸಂಘದ ಸದಸ್ಯನಾಗಿ ಪಡೆದನು. ಯಾರ ಬಾಗಿಲಲ್ಲಿಯೂ ಕೈಯೊಡ್ಡಿ ನಿಲ್ಲಲಿಲ್ಲ. 1910ರಲ್ಲಿ ಇದೇ ಊರಿನಲ್ಲಿ ಲಿಂಗಾಯತ ವಿದ್ಯಾಸಂಸ್ಥೆಯನ್ನು ಹುಟ್ಟುಹಾಕಿದ ಫ.ಗು. ಹಳಕಟ್ಟಿಯವರು ಎರಡು ವರ್ಷಗಳಲ್ಲಿ ಸಹಕಾರಿ ಬ್ಯಾಂಕನ್ನೂ ಕಟ್ಟಿದರು. ವಚನಗಳಿಗಾಗಿ ಅವರು ಮನೆಮನೆಗೆ ಅಲೆದು ತಾಳೆಯೋಲೆಗಳನ್ನು ಅರಸಿದ ಸಂಗತಿ ಎಲ್ಲರಿಗೂ ತಿಳಿದದ್ದೇ. ಜಗಲಿಯ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟ ಕಟ್ಟುಗಳನ್ನು ಆ ಮನೆಗಳವರು ಬಿಚ್ಚಿ ಕೊಟ್ಟುದರಿಂದಲೇ ಒಂದು ಮನೆಯ ಗಂಟು ನಾಡಿನ ಸಂಪತ್ತಾಯಿತು.

ಹೊರಗಿನ ಲೋಕವೂ ಇದೇ ತೊಡಕನ್ನು ಬಿಡಿಸಲೆತ್ನಿಸುತ್ತಿದೆ. 2003ರಲ್ಲಿ ಅಮೆರಿಕದ ಟೂಸಾನ್ ನಗರದಲ್ಲಿ ಹುಟ್ಟಿದ ಫ್ರೀಸೈಕಲ್ ಎಂಬ ಬಳಗದಲ್ಲಿ ನೆರೆಹೊರೆಯವರು ತಮಗೆ ಬೇಡವಾದದ್ದನ್ನು ಹಣವಿಲ್ಲದೆ ದಾಟಿಸುತ್ತಾರೆ. 2015ರಲ್ಲಿ ಇರಾನಿನ ಮಶ್ಹದ್ ನಗರದ ಗೋಡೆಯೊಂದಕ್ಕೆ ಮೊಳೆ ಹೊಡೆದು ಉಣ್ಣೆಯ ಅಂಗಿಗಳನ್ನು ತೂಗುಹಾಕಿದರು. ಅದು ನಮ್ಮ ಗುರುಗಳ ಸಂದೂಕವೇ. 1999ರಲ್ಲಿ ದೆಹಲಿಯಲ್ಲಿ ಆರಂಭವಾದ ಗೂಂಜ್ ಸಂಸ್ಥೆಯು ಹಳ್ಳಿಗರು ಕೆರೆ, ಬಾವಿ, ರಸ್ತೆಗಳ ಕೆಲಸ ಮಾಡಿದ ಮನ್ನಣೆಯಾಗಿ ಬಟ್ಟೆಗಳನ್ನು ಕೊಡುತ್ತದೆ. ಪಡೆದದ್ದು ಭಿಕ್ಷೆಯಾಗದೆ ಕಾಯಕದ ಫಲವಾಗುತ್ತದೆ.

ಮಕ್ಕಳು ಮೂರು ವಾರ ದುಡಿದು ಆ್ಯಪನ್ನು ಬದಲಿಸಿ ತಂದರು. ದಾನಿಗಳ ಪಟ್ಟಿ, ನಕ್ಷತ್ರಗಳು ಹೋಗಿದ್ದವು. ಗ್ರಂಥಾಲಯದ ಬಾಗಿಲ ಬಳಿ ಕಪಾಟೊಂದನ್ನು ಕೇಳಿ ಪಡೆದಿದ್ದರು. ಕೊಡುವವರು ವಸ್ತುವಿಗೆ ಸಂಖ್ಯೆಯ ಚೀಟಿ ಕಟ್ಟಿ ಅಲ್ಲಿ ಇಡುತ್ತಾರೆ. ಪಡೆಯುವವರು ಅದೇ ಸಂಖ್ಯೆಯನ್ನು ತೋರಿಸಿ ಒಯ್ಯುತ್ತಾರೆ. ಪರಸ್ಪರ ಮುಖ ಕಾಣುವುದಿಲ್ಲ. ಹೆಸರುಗಳ ಲೆಕ್ಕ ಒಳಗಿನ ಪುಸ್ತಕದಲ್ಲಿ ಉಂಟು. ಅದನ್ನು ತೆರೆಯುವ ಕೀಲಿ ಒಬ್ಬ ಅಧ್ಯಾಪಕರ ಬಳಿ ಮಾತ್ರ. ಒಂದು ಬಗೆಯ ವಸ್ತುವನ್ನು ಕಾಯುವವರು ಇನ್ನೂ ಇರುವಾಗ ಒಬ್ಬರೇ ಎರಡು ಪಡೆಯಲು ಬರುವುದಿಲ್ಲ. “ಇದಕ್ಕ ಕೌದಿ ರೂಲ್ ಅಂತ ಹೆಸರಿಟ್ಟೀವ್ರಿ” ಎಂದು ಹುಡುಗನು ನಕ್ಕನು. ನಮಗೆ ನಗು ಬರಲಿಲ್ಲ. ಕಣ್ಣು ತುಂಬಿ ಬಂದಿತು.

ಈ ಬೇಸಿಗೆಯಲ್ಲಿ ಅದು ಮೊದಲ ಬಾರಿಗೆ ಬಳಕೆಗೆ ಬಂದಿತು. ಮೊದಲ ವಾರ ‘ಕೊಡುವೆ’ ಅಂಕಣ ತುಂಬಿತು. ‘ಬೇಕಾಗಿದೆ’ ಅಂಕಣ ಬರಿದಾಗಿಯೇ ಉಳಿಯಿತು. ಕೊಡುವುದು ಸುಲಭ, ಬೇಕೆನ್ನುವುದು ಕಷ್ಟ. ಆಗ ಬಬಲೇಶ್ವರದ ಹುಡುಗಿ, ಹೊಸದನ್ನು ಕೊಡಿಸುವ ಶಕ್ತಿ ತಂದೆಗಿದ್ದರೂ, ತನಗೊಂದು ಏಪ್ರನ್ ಬೇಕಾಗಿದೆಯೆಂದು ಬರೆದು, ಅದನ್ನೇ ತೊಟ್ಟು, ಎಲ್ಲಿಂದ ಬಂದಿತೆಂದು ಕೇಳಿದವರಿಗೆಲ್ಲ ಕಪಾಟಿನತ್ತ ಕೈ ತೋರಿಸಿದಳು. ಆ ಮೇಲೆ ಒಬ್ಬೊಬ್ಬರೇ ಬಂದರು. ಇದ್ದವರು ಮೊದಲು ಪಡೆದಾಗ ಇಲ್ಲದವರಿಗೆ ದಾರಿ ತೆರೆಯುತ್ತದೆಂಬುದನ್ನು ಆ ಮಗು ನಮಗೆ ಕಲಿಸಿತು.

ನಮ್ಮಲ್ಲಿ ಒಂದೇ ಶಬ್ದಕೋಶದ ಎರಡು ಪ್ರತಿಗಳಿದ್ದವು. ಒಂದನ್ನು ಹುಡುಗನ ಕೈಯಲ್ಲಿ ಕೊಟ್ಟೆವು. ಅದರೊಡನೆ, ನಮ್ಮ ತಾಯಿಯವರು ಹಳೆಯ ಇಳಕಲ್ ಸೀರೆಗಳಿಂದ ಹೊಲಿದ ಎರಡು ಕೌದಿಗಳಲ್ಲಿ ಒಂದನ್ನೂ ಕೊಟ್ಟೆವು. ಶಬ್ದಕೋಶ ಇನ್ನೂ ಕಪಾಟಿನಲ್ಲಿದೆಯಂತೆ. ಕೌದಿ ಮೊದಲ ದಿನವೇ ಹೋಯಿತಂತೆ. ಯಾರು ಒಯ್ದರೆಂದು ನಾವು ಕೇಳಲಿಲ್ಲ.

ಓದುಗ ಬಂಧುಗಳ ಮನೆಗಳಲ್ಲಿಯೂ ಓದು ಮುಗಿಸಿದ ಮಕ್ಕಳ ಪುಸ್ತಕಗಳು, ಬಳಸದ ಹಾಸಿಗೆಗಳು ಅಟ್ಟದ ಮೇಲಿರಬಹುದು. ಈ ವರ್ಷ ಅವು ರದ್ದಿಗೆ ಹೋಗುವ ಮುನ್ನ ನಿಮ್ಮ ಊರಿನ ಪ್ರಸಾದ ನಿಲಯದ ಮೂಲೆಯಲ್ಲಿ ಒಂದು ಕಪಾಟು ಇಡಿಸಿರಿ. ಆ್ಯಪು ಇಲ್ಲದಿದ್ದರೂ ನಡೆದೀತು. ಒಂದು ವಹಿ ಸಾಕು. ಆ ವಹಿಯನ್ನು ತಪ್ಪದೆ ಬರೆಯಿರಿ, ಬರೆದು ಮುಚ್ಚಿಡಿರಿ. ನಿಮ್ಮ ಮಗನಿಗೋ ಮಗಳಿಗೋ ಏನಾದರೂ ಬೇಕಾದಾಗ ಮೊದಲು ಅಲ್ಲಿಗೇ ಕಳುಹಿಸಿರಿ.